ದತ್ತಿ ಮಂದೆ ಮಲಗಿದ ಹೊಲ

ಹೂಂಗುಟ್ಟೋರು ಹತ್ತಿರ ಬನ್ನಿ, ತೂಕಡಿಸೋರು ಎದ್ದು ಮನೆಗೆ ಹೋಗಿ. ಇದು ಜೋಗುಳದ ಕಥೆ ಅಲ್ಲ. ಹೇಳ್ತಾ ಹೇಳ್ತಾ ನನಗೇ ಮೈ ಉರಿಯುತ್ತೆ.

ಬಿಳಿಗಲ್ಲು ಅನ್ನೋದು ಒಂದು ಸೀಮೆ. ಆ ಸೀಮೆಗೊಬ್ಬ ದೊರೆ. ದೊರೆಯ ಅಪ್ಪನ ಕಾಲದಲ್ಲಿ ಒಂದು ಅಪ್ಪಣೆ ಆಗಿತ್ತು. ಎಲ್ಲರೂ ಹತ್ತಿಯನ್ನೇ ಬಿತ್ತಬೇಕು, ಬೇರೆ ಕಾಳು ಬಿತ್ತಕೂಡದು. ಈ ವರ್ಷವೂ ಹತ್ತಿ, ಮುಂದಿನ ವರ್ಷವೂ ಹತ್ತಿ. ಮಣ್ಣು ಸೊರಗಿ ಸೊರಗಿ ಬೂದಿಯ ಹಾಗೆ ಬೆಳ್ಳಗಾಯಿತು. ಮಳೆ ಬಂದರೆ ನೀರಿನ ಜೊತೆ ಅದೂ ಹಳ್ಳಕ್ಕೆ ಹೊರಟು ಹೋಗೋದು. ಮಗ ಪಟ್ಟಕ್ಕೆ ಬಂದು ಆ ಅಪ್ಪಣೆ ತೆಗೆದ, ಆದರೆ ಸತ್ತ ಮಣ್ಣು ಏಳಲಿಲ್ಲ.

ಸೀಮೆಯ ಕೊನೇ ಊರಿನಲ್ಲಿ ಮಾಳಕ್ಕ ಅನ್ನೋ ಒಕ್ಕಲು ಹೆಂಗಸು ಇದ್ದಳು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಅವಳು ಊರಿನ ಬಡ ಒಕ್ಕಲುಗಳನ್ನೆಲ್ಲ ಸೇರಿಸಿ ಮುಯ್ಯಾಳು ಕೂಟ ಕಟ್ಟಿದಳು. ಇವತ್ತು ನನ್ನ ಹೊಲಕ್ಕೆ ನೀವು ಬನ್ನಿ, ನಾಳೆ ನಿಮ್ಮ ಹೊಲಕ್ಕೆ ನಾನು ಬರ್ತೀನಿ. ಹಾಗೇ ಬದು ಕಟ್ಟಿದರು. ಹಾಗೇ ಕೆರೆಯ ಗೋಡುಮಣ್ಣು ಹೊತ್ತು ಹಾಕಿದರು. ಹಾಗೇ ರಾಗಿಯ ನಡುವೆ ಅಕ್ಕಡಿ ಸಾಲು ಹಿಡಿದು ಅವರೆ, ತೊಗರಿ, ಹುಚ್ಚೆಳ್ಳು ಬಿತ್ತಿದರು. ಮಣ್ಣು ಅಲ್ಲಲ್ಲಿ ಕಪ್ಪಾಯಿತು, ಎರೆಹುಳು ತಿರುಗಿ ಬಂತು. ಮಾಳಕ್ಕನ ಹೊಲ ಮಾತ್ರ ಏಳಲಿಲ್ಲ. ಎಲ್ಲರದ್ದಕ್ಕಿಂತ ಕೆಟ್ಟ ಹೊಲ ಅವಳದು. ಅದಕ್ಕೆ ಗೊಬ್ಬರ ಬೇಕು, ಊರಿನಲ್ಲಿ ದನವೇ ಇಲ್ಲ.

ಸುದ್ದಿ ದೊರೆಯ ಕಿವಿಗೆ ಬಿತ್ತು. "ಮಣ್ಣು ಕೆಡಿಸಿದ್ದು ನನ್ನಪ್ಪ. ಏಳಿಸೋರಿಗೆ ನಾನು ಕೈ ಕೊಡಬೇಡವೇ?" ಅಂದ. ಅರಮನೆಯ ಕುರಿಮಂದೆಯನ್ನೇ ಆ ಕೂಟಕ್ಕೆ ದತ್ತಿ ಬಿಟ್ಟ. ಬೇಸಗೆ ಪೂರ್ತಿ ಮಂದೆ ಅವರ ಹೊಲಗಳಲ್ಲಿ ಸರದಿಯ ಮೇಲೆ ರಾತ್ರಿ ತಂಗಬೇಕು. ಕುರಿ ತಂಗಿದ ಹೊಲಕ್ಕೆ ಹಿಕ್ಕೆಯೂ ಬೀಳುತ್ತೆ, ಗಂಜಲವೂ ಬೀಳುತ್ತೆ, ಅದಕ್ಕಿಂತ ಗೊಬ್ಬರ ಇನ್ನೇನು ಬೇಕು? "ಮುಂಗಾರಿಗೆ ಮುಂಚೆ ನಾನೇ ಬಂದು ನೋಡ್ತೀನಿ. ದತ್ತಿಯ ವಿಷಯದಲ್ಲಿ ಸುಳ್ಳು ಹೇಳಿದವರ ಹೊಲ ಅರಮನೆಗೆ" ಅಂತಲೂ ಸಾರಿಸಿದ.

ಮಾತೇನೋ ಚೆನ್ನಾಗಿತ್ತು. ಆದರೆ ಮಂದೆಯನ್ನು ಒಪ್ಪಿಸಿದ್ದು ಯಾರ ಕೈಗೆ? ಪಾರುಪತ್ಯಗಾರ ತಿರುಮಲಯ್ಯನ ಕೈಗೆ! ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಆ ಪೂಜಾರಿ ಇವನೇ.

ಮಾಳಕ್ಕ ಅವನ ಬಾಗಿಲಿಗೆ ಹೋದಳು. "ಬುದ್ಧೀ, ನಮ್ಮ ಮಂದೆ ಕೊಡಿ."

"ಒಬ್ಬಳಿಗೆ ದತ್ತಿ ಕೊಡೋಕಾಗುತ್ತೇನಮ್ಮಾ? ಕೂಟ ಕಟ್ಟಿಕೊಂಡು ಬಾ."

ಕೂಟ ಕಟ್ಟಿ ಮೂರು ಮಳೆಗಾಲ ಆಗಿತ್ತು! ಆದರೂ ಹಲ್ಲು ಕಚ್ಚಿಕೊಂಡು, ಎಲ್ಲ ಮನೆಯವರನ್ನೂ ಕರಕೊಂಡು ಎರಡನೇ ಸಲ ಹೋದಳು.

"ನಿಮ್ಮ ಹೊಲ ಚೇತರಿಸಿಕೊಂಡಿದ್ದನ್ನು ಮೊದಲು ತೋರಿಸಿ. ಆಮೇಲೆ ಮಂದೆ."

"ಕಾಯಿಲೆ ವಾಸಿಯಾದ ಮೇಲೆ ಮದ್ದು ಕೊಡ್ತೀನಿ ಅಂದಂಗಾಯ್ತಲ್ಲ ಬುದ್ಧೀ!"

ತಿರುಮಲಯ್ಯ ಎಲೆಯಡಿಕೆ ಉಗಿದು ಒಳಗೆ ಹೋದ. ಮಾಳಕ್ಕ ಮೂರನೇ ಸಲ ಹೋದಳು.

"ನಿಮಗೆ ಬೇಸಾಯ ಎಲ್ಲಿ ಬರುತ್ತೆ? ಮೊದಲು ಕಲೀರಿ. ನನ್ನ ಅಳಿಯ ಕಲಿಸ್ತಾನೆ. ಅವನಿಗೆ ಊಟ, ವೀಳ್ಯ, ಮೇನೆ ನಿಮ್ಮದು."

ಆ ಅಳಿಯನೋ, ನೇಗಿಲಿಗೆ ಹಿಡಿ ಯಾವ ಕಡೆ ಅಂತ ಕೇಳೋನು. ಮಾಳಕ್ಕನಿಗೆ ಪಿತ್ತ ನೆತ್ತಿಗೇರಿತು. ಕೈಯಲ್ಲಿದ್ದ ಬುಟ್ಟಿಯನ್ನು ತಿರುಮಲಯ್ಯನ ಜಗಲಿಗೆ ಅಪ್ಪಳಿಸಿ ಬಂದುಬಿಟ್ಟಳು.

ದಾರಿಯಲ್ಲಿ ಹೊತ್ತು ಇಳಿಯುತ್ತಿತ್ತು. ತಿರುಮಲಯ್ಯನ ಸ್ವಂತ ಹೊಲದ ಹತ್ತಿರ ಕುರಿಗಳ ಸದ್ದು. ನೋಡ್ತಾಳೆ, ದತ್ತಿ ಮಂದೆ ಒಂದರ ಹಿಂದೆ ಒಂದು ಬೇಲಿಯ ಸಂದಿಯಲ್ಲಿ ಒಳಗೆ ನುಗ್ಗುತ್ತಿದೆ! ಕುರಿಗಾಹಿ ಮೈಲಾರಪ್ಪ ತಲೆ ತಗ್ಗಿಸಿದ.

"ಏನೋ ಇದು ಮೈಲಾರಪ್ಪ?"

"ನನ್ನ ಕೇಳಬೇಡ ಅಕ್ಕಾ, ಹೇಳಿದರೆ ನನ್ನ ತಲೆ ಹೋಗುತ್ತೆ. ಬೇಸಗೆ ಶುರುವಾದಾಗಿಂದ ಇಲ್ಲೇ. ಈಗ ಹೊಡೆಯೋದೂ ಬೇಡ, ಹೊತ್ತು ಇಳಿದರೆ ತಾವೇ ಬಂದು ಮಲಗ್ತವೆ."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳೋದು? ಮಾಳಕ್ಕನಿಗೆ ಅಳು ಬರಲಿಲ್ಲ, ಕೋಪ ಬಂತು. ಆದರೆ ಮೈಲಾರಪ್ಪನ ಕೊನೇ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ದೊರೆ ಬರೋ ದಿನ ಬಂತು. ಬೆಳಗಾಗೋದರೊಳಗೆ ತಿರುಮಲಯ್ಯ ಆಳುಗಳಿಂದ ಒಂದೊಂದು ಬುಟ್ಟಿ ಹಿಕ್ಕೆ ತರಿಸಿ ಕೂಟದ ಹೊಲಗಳಲ್ಲೆಲ್ಲ ಚೆಲ್ಲಿಸಿದ್ದ.

"ಮಹಾಸ್ವಾಮಿ, ನಮಗೆ ಒಂದು ರಾತ್ರಿಯೂ ಮಂದೆ ಸಿಗಲಿಲ್ಲ" ಅಂದಳು ಮಾಳಕ್ಕ.

ದೊರೆ ಅವಳ ಹೊಲ ನೋಡಿದ. ಬಗ್ಗಿ ಹಿಕ್ಕೆ ಹೆಕ್ಕಿದ. "ಇದೇನಮ್ಮ ಹಾಗಾದರೆ? ಆಕಾಶದಿಂದ ಉದುರಿತೇ? ಸುಳ್ಳು ಹೇಳಿದರೆ ಹೊಲ ಹೋಗುತ್ತೆ, ಗೊತ್ತಲ್ಲ?"

ತಿರುಮಲಯ್ಯ ಮೀಸೆಯಡಿ ನಕ್ಕ. "ಎಷ್ಟು ಕೊಟ್ಟರೂ ಇವರದ್ದು ಇದೇ ಗೋಳು, ಸ್ವಾಮಿ."

ಮಾಳಕ್ಕನ ಹೊಲ ಕಣ್ಣೆದುರೇ ಕೈ ಬಿಟ್ಟು ಹೋಗ್ತಾ ಇದೆ. ಆದರೂ ಗಟ್ಟಿಯಾಗಿ ಹೇಳಿದಳು. "ಹೊತ್ತು ಇಳಿಯೋವರೆಗೆ ಕಾಯಿರಿ. ಮಂದೆಯನ್ನು ಇಲ್ಲೇ ಬಯಲಿಗೆ ಬಿಡಿ. ಯಾರೂ ಹೊಡೆಯಬೇಡಿ, ಯಾರೂ ಕರೆಯಬೇಡಿ. ಎಲ್ಲಿ ಹೋಗಿ ಮಲಗ್ತವೋ ನೋಡಿ. ನನ್ನ ಹೊಲದಲ್ಲಿ ಮಲಗಿದರೆ ನನ್ನ ಹೊಲ ಕಿತ್ತುಕೊಳ್ಳಿ."

"ಕುರಿ ಸಾಕ್ಷಿಯಾ? ಕುರಿ ಮಾತನ್ನು ಅರಮನೆ ಕೇಳಬೇಕಾ?" ತಿರುಮಲಯ್ಯ ಕೂಗಿದ. ಮುಖ ಆಗಲೇ ಬಿಳಿಚಿತ್ತು.

"ಮನುಷ್ಯರ ಮಾತು ಮೂರು ಸಲ ನಿಮಗೆ ಕೇಳಿಸಲಿಲ್ಲವಲ್ಲ. ಕುರಿಯದ್ದಾದರೂ ಕೇಳಲಿ!"

ದೊರೆ ತಲೆಯಾಡಿಸಿದ. ಹೊತ್ತು ಇಳಿಯಿತು. ಮಂದೆ ಬಿಟ್ಟರು. ಗಂಟೆ ಕಟ್ಟಿದ ಟಗರು ತಲೆಯೆತ್ತಿತು, ಹೊರಟಿತು. ಹಿಂದೆ ಇಡೀ ಮಂದೆ. ಕೂಟದ ಒಂದು ಹೊಲ ದಾಟಿತು, ನಿಲ್ಲಲಿಲ್ಲ. ಇನ್ನೊಂದು ದಾಟಿತು, ನಿಲ್ಲಲಿಲ್ಲ. ಮಾಳಕ್ಕನ ಹೊಲದತ್ತ ಒಂದು ಮರಿಯೂ ತಿರುಗಿ ನೋಡಲಿಲ್ಲ. ನೆಟ್ಟಗೆ ತಿರುಮಲಯ್ಯನ ಬೇಲಿಗೆ ಹೋಯಿತು, ಸಂದಿಯಲ್ಲಿ ತೂರಿತು, ಕರ್ರಗೆ ಹಿಕ್ಕೆ ತುಂಬಿದ ಆ ನೆಲದಲ್ಲಿ ಮಲಗಿ ಮೆಲುಕು ಹಾಕತೊಡಗಿತು.

ದೊರೆಯ ಕಣ್ಣು ಕೆಂಪಾಯಿತು. ತಿರುಮಲಯ್ಯ ಕಾಲಿಗೆ ಬಿದ್ದ.

"ಈ ಹೊಲದ ಗೊಬ್ಬರವನ್ನೆಲ್ಲ ಕೆರೆದು, ತಲೆಯ ಮೇಲೆ ಹೊತ್ತು, ಕೂಟದವರ ಹೊಲಗಳಿಗೆ ಹಾಕು. ಸಾರಿಸಿದ ಹಾಗೆ ನಿನ್ನ ಹೊಲ ಅರಮನೆಗೆ, ಪಾರುಪತ್ಯ ಇವತ್ತಿಗೆ ಮುಗೀತು" ಅಂದ ದೊರೆ. ಬೇಸಾಯ ಕಲಿಸೋ ಅಳಿಯನಿಗೂ ಒಂದು ಬುಟ್ಟಿ ಸಿಕ್ಕಿತು.

"ನಿನಗೇನು ಬೇಕು ತಾಯಿ?"

"ನನಗೇನೂ ಬೇಡ. ಕಳ್ಳ ಇವನೇ ಇರಬಹುದು ಮಹಾಸ್ವಾಮಿ, ಕೀಲಿಕೈ ಕೊಟ್ಟವರು ನೀವು. ಇನ್ನೊಬ್ಬನನ್ನು ತಂದು ಅದೇ ಬಾಗಿಲಲ್ಲಿ ಕೂರಿಸಬೇಡಿ. ಮಂದೆಯನ್ನು ಕೂಟದ ಕೈಗೇ ಕೊಡಿ. ಯಾರ ಹೊಲಕ್ಕೆ ಮೊದಲು ಅಂತ ನಾವೇ ಕೂತು ತೀರ್ಮಾನ ಮಾಡ್ತೀವಿ."

ದೊರೆ ಮೈಲಾರಪ್ಪನ ಕೈಯಲ್ಲಿದ್ದ ಕೋಲನ್ನು ತೆಗೆದು ಮಾಳಕ್ಕನ ಕೈಗೆ ಕೊಟ್ಟ.

ಎಲ್ಲರದ್ದಕ್ಕಿಂತ ಕೆಟ್ಟ ಹೊಲಕ್ಕೇ ಮೊದಲು ಅಂದಿತು ಕೂಟ. ಆವತ್ತು ರಾತ್ರಿ ಮಂದೆಯನ್ನು ಮಾಳಕ್ಕನ ಹೊಲಕ್ಕೆ ತಂದರೆ, ಕುರಿಗಳು ಮಲಗವು! ಹಳೇ ಜಾಗ ನೆನೆದು ಅರಚುತ್ತಾ ಸುತ್ತಿದವು. ಮಾಳಕ್ಕ ನಡುವೆ ಕೂತಳು. ಕೂಟದವರೂ ಬಂದು ಸುತ್ತ ಕೂತರು. ಬಹಳ ಹೊತ್ತಿನ ಮೇಲೆ ಟಗರು ಮಂಡಿಯೂರಿ ಮಲಗಿತು. ಅದರ ಹಿಂದೆ ಎಲ್ಲವೂ ಮಲಗಿದವು. ಆಗ ಮಾಳಕ್ಕನಿಗೆ ಅಳು ಬಂತು.

ತಿಳೀತೇನ್ರಪ್ಪಾ ನೀತಿ? ಮಣ್ಣಿಗೆ ಅಂತ ಕೊಡೋದನ್ನು ಮಣ್ಣು ಮುಟ್ಟೋರ ಕೈಗೇ ಕೊಡಬೇಕು. ನಡುವೆ ನಿಂತು ನುಂಗಿದವನು ಬಾಯಿದ್ದವರ ಬಾಯಿ ಮುಚ್ಚಿಸಬಹುದು, ಆದರೆ ಕುರಿ ಯಾವ ಹೊಲಕ್ಕೆ ಹೋಗಿ ಮಲಗುತ್ತೆ ಅನ್ನೋದನ್ನು ತಪ್ಪಿಸೋಕೆ ಆಗಲ್ಲ.