ಪಾಲವ್ವನ ಹಸಿರು ಚಿಟಿಕೆ

ನಮ್ಮ ಮುತ್ತಜ್ಜಿಯ ಮುತ್ತಜ್ಜಿ ಇನ್ನೂ ತೊಟ್ಟಿಲು ಕಾಣದ ಕಾಲ. ಬಂಡೆಗಳ ನಾಡಿನಲ್ಲಿ ಕರೇಗುಂಡು ಅಂತ ಒಂದು ಊರು. ಊರಿನ ಬೆನ್ನಿಗೆ ಒಂದು ಗುಡ್ಡ, ಗುಡ್ಡದ ಹೊಟ್ಟೆಯಲ್ಲಿ ಒಂದು ಗವಿ, ಗವಿಯ ಕೊನೆಯಲ್ಲಿ ಕತ್ತಲಯ್ಯ. ಆ ಸ್ವಾಮಿಯ ಕೃಪೆಯಿಂದಲೇ ಈ ಮಾತು ನಾಲಿಗೆಯಿಂದ ನಾಲಿಗೆಗೆ ಇಳಿದು ಬಂದಿದೆ. ಹೇಳುವುದರಲ್ಲಿ ಹೆಚ್ಚುಕಮ್ಮಿಯಾದರೆ ಅವನೇ ತಿದ್ದಿಕೊಳ್ಳಲಿ.

ಕತ್ತಲಯ್ಯನಿಗೆ ದೀಪವಿಲ್ಲ. ಮೊಟ್ಟಮೊದಲ ಪೂಜಾರಿ ಹಣತೆ ಹಚ್ಚಿಕೊಂಡು ಒಳಗೆ ಹೋದಾಗ ಅದು ಆರಿಹೋಯಿತಂತೆ. ಮತ್ತೆ ಹಚ್ಚಿದ, ಮತ್ತೆ ಆರಿತಂತೆ. ಆಮೇಲೆ ಸ್ವಾಮಿ ಅವನ ಕನಸಿಗೆ ಬಂದು, ಬೆಳಕಿಗೆ ಹೊರಗೆ ಸೂರ್ಯನಿದ್ದಾನೆ, ಒಳಗೆ ನಾನೇ ಸಾಕು, ನನ್ನನ್ನು ಕಣ್ಣಿನಿಂದ ಹುಡುಕಬೇಡಿ, ಮೂಗಿನಿಂದ ಹುಡುಕಿಕೊಂಡು ಬನ್ನಿ ಅಂದನಂತೆ. ಅಂದಿನಿಂದ ಅಲ್ಲಿ ಧೂಪವೇ ದೀಪ. ಯುಗಾದಿ ಕಳೆದ ಮೊದಲ ಸೋಮವಾರ ಭಕ್ತರು ಒಬ್ಬೊಬ್ಬರಾಗಿ ಒಳಗೆ ಹೋಗಬೇಕು. ಯಾರ ಕೈಯನ್ನೂ ಹಿಡಿಯುವಂತಿಲ್ಲ, ಮಾತಾಡುವಂತಿಲ್ಲ. ಮಾತಾಡಿದರೂ ಪ್ರಯೋಜನವಿಲ್ಲ, ಆ ಗವಿಯಲ್ಲಿ ಒಂದು ಕೂಗು ಹತ್ತು ಗೋಡೆಯಿಂದ ಬರುತ್ತದೆ. ನಡುವೆ ದಾರಿ ಕವಲೊಡೆಯುತ್ತದೆ. ಬಲಕ್ಕೆ ಹೋದರೆ ಸ್ವಾಮಿ, ಎಡಕ್ಕೆ ಹೋದರೆ ತಳ ಕಾಣದ ಮಡು. ಧೂಪ ಯಾವ ಕಡೆಯಿಂದ ಕರೆಯುತ್ತದೋ ಆ ಕಡೆಗೆ ನಡೆಯಬೇಕು. ಅಷ್ಟೇ ದರ್ಶನ, ಅಷ್ಟೇ ಸೇವೆ.

ಆ ಧೂಪ ಮಾಡುತ್ತಿದ್ದವಳು ಪಾಲವ್ವ. ಗಂಡ ತೀರಿಹೋದ ಮೇಲೆ, ಅತ್ತೆ ಕಲಿಸಿಕೊಟ್ಟ ಈ ಕಾಯಕ ಹಿಡಿದು ಒಬ್ಬಳೇ ಮಗಳು ಕೆಂಚಿಯನ್ನು ಸಾಕಿದವಳು. ಹಾಲುಮಡ್ಡಿ, ಗುಗ್ಗುಳ, ಗಂಧದ ಚಕ್ಕೆ, ಲಾವಂಚದ ಬೇರು, ಒಂದಿಷ್ಟು ಬೆಲ್ಲ, ಒಂದಿಷ್ಟು ತುಪ್ಪ, ಇವೆಲ್ಲ ಕುಟ್ಟಿ ಕಲಸಿದ ಮೇಲೆ ಕೊನೆಗೆ ಒಂದು ಚಿಟಿಕೆ ಹಸಿರು ಅಂಟು. ಆ ಅಂಟಿನದೇ ಈ ಕತೆಯೆಲ್ಲ.

ಗುಡ್ಡದ ಒಣ ಇಳಿಜಾರಿನಲ್ಲಿ ಚಿಟ್ಟುಬಿಕ್ಕೆ ಅಂತ ಒಂದು ಗಿಡ. ಮಾಗಿಯ ಕೊನೆಗೆ ಅದರ ಮೊಗ್ಗಿನ ತುದಿಯಲ್ಲಿ ಹಸಿರು ಅಂಟು ಹನಿಕಟ್ಟಿ ನಿಲ್ಲುತ್ತದೆ, ಗಿಡ ಅಳು ತಡೆದುಕೊಂಡ ಹಾಗೆ. ಬಿಸಿಲೇರುವ ಮುಂಚೆ ಅದನ್ನು ಬೆರಳಿನಿಂದಲೇ ಚಿವುಟಬೇಕು. ಕತ್ತಿ ತಾಗಿಸಿದರೆ ಗಿಡ ಮುನಿಯುತ್ತದೆ ಅಂತ ನಂಬಿಕೆ. ಬೆರಳಿಗೆ ಹತ್ತಿದ್ದು ಬೂದಿಗೂ ಹೋಗದು, ಹುಣಸೆಗೂ ಹೋಗದು. ಇನ್ನು ಅದರ ವಾಸನೆ! ಊರಿನವರು ಬೆಕ್ಕಿನ ಉಚ್ಚೆ ಅನ್ನುತ್ತಿದ್ದರು. ಸುಳ್ಳೇನಲ್ಲ, ಮೊದಲು ಮೂಗಿಗೆ ಹೊಡೆಯುವುದು ಅದೇ. ಆದರೆ ಪಾಲವ್ವನಿಗೆ ಅದರ ಹಿಂದಿನದೂ ಗೊತ್ತಿತ್ತು. ಹೊಡೆತ ತಡೆದುಕೊಂಡು ಒಂದು ಗಳಿಗೆ ನಿಂತರೆ ಹಸಿಮೆಣಸಿನಕಾಯಿ ಮುರಿದ ಘಾಟು. ಇನ್ನೊಂದು ಗಳಿಗೆ ನಿಂತರೆ ಆಗತಾನೆ ಕೊಯ್ದ ಹುಲ್ಲು. ಅದೂ ಸರಿದ ಮೇಲೆ, ಕಲ್ಲು ಎತ್ತಿದಾಗ ಅಡಿಯಲ್ಲಿರುವ ತಣ್ಣನೆಯ ತೇವ. ಹಸಿರಿಗೆ ದನಿ ಬಂದರೆ ಹೀಗೇ ಕೂಗುತ್ತದೆ ಅಂತ ಅವಳು ಮಗಳಿಗೆ ಹೇಳುತ್ತಿದ್ದಳಂತೆ.

ಬಾವಿಕಟ್ಟೆಯಲ್ಲಿ ಹೆಂಗಸರು ಬಿಡುತ್ತಿರಲಿಲ್ಲ. "ಪಾಲವ್ವಾ, ಗಾಳಿ ನೋಡ್ಕಂಡು ನಿಂತ್ಕಳೇ ತಾಯಿ, ನಮ್ಮ ಕೊಡದ ನೀರೂ ನಾರುತ್ತೆ" ಅನ್ನುವರು. ಪಾಲವ್ವ ನಗುವಳು. "ನನ್ನ ಕೈ ನಾರುತ್ತೆ ಕಣ್ರಮ್ಮ, ಒಪ್ಪಿದೆ. ನಿಮ್ಮ ಬಾಯಿಗೆ ಏನು ಹಾಕಿ ತೊಳೀಬೇಕು ಹೇಳಿ" ಅನ್ನುವಳು. ಎತ್ತಿನ ಹೆಗಲು ಹುಣ್ಣಾಗಿ ನೊಣ ಮುತ್ತಿದಾಗ ಅದೇ ಹೆಂಗಸರು ಅದೇ ಅಂಟು ಕೇಳಿಕೊಂಡು ಅವಳ ಬಾಗಿಲಿಗೆ ಬರುವರು, ಒಂದು ಕೈ ಮೂಗಿಗೆ, ಒಂದು ಕೈ ಮುಂದಕ್ಕೆ. ಅವಳು ಕೊಡುವಳು. ಕೊಟ್ಟದ್ದನ್ನು ಎಂದೂ ಎತ್ತಿ ಆಡಿದವಳಲ್ಲ.

ಕೆಂಚಿ ಮದುವೆಗೆ ಬಂದಳು. ಹುಡುಗಿ ಲಕ್ಷಣವಂತೆ, ಕೆಲಸದಲ್ಲಿ ಗಟ್ಟಿಗಿತ್ತಿ. ನೋಡಲು ಬಂದವರು ಮಾತ್ರ ಬೆಲ್ಲದ ನೀರು ಕುಡಿದು, ಇಂದು ಹೇಳುತ್ತೇವೆ ನಾಳೆ ಹೇಳುತ್ತೇವೆ ಅಂತ ಎದ್ದು ಹೋಗುತ್ತಿದ್ದರು. ಕಡೆಗೆ ಬಂದವಳು ತುಂಬಿಗೆರೆಯ ಈರನಾಗವ್ವ. ಬಾಯಿ ಚುರುಕು, ಮನಸ್ಸು ದೊಡ್ಡದು ಅಂತ ಹೆಸರಾದ ಹೆಂಗಸು. ಅವಳ ಮಗ ಕೆಂಚಿಯನ್ನು ಸಂತೆಯಲ್ಲಿ ನೋಡಿ ಮೆಚ್ಚಿದ್ದ. ಕೆಂಚಿಯೂ ಅವನನ್ನು ನೋಡಿ ತಲೆ ತಗ್ಗಿಸಿದ್ದಳು, ಅಲ್ಲಿಗೆ ಅರ್ಥವಾಗುವವರಿಗೆ ಅರ್ಥವಾಯಿತು. ಈರನಾಗವ್ವ ಚಾಪೆಯ ಮೇಲೆ ಕೂತಳು, ಸೆರಗನ್ನು ಮೂಗಿಗೆ ಒತ್ತಿಕೊಂಡೇ ಕೂತಳು.

"ಹುಡುಗಿ ಬಂಗಾರ. ಮನೆ ಮಾತ್ರ ಬೆಕ್ಕಿನ ಗೂಡಿದ್ದಂಗೈತಲ್ಲೇ ತಾಯಿ" ಅಂದಳು. "ನಾಳೆ ಬಾಣಂತನಕ್ಕೆ ನನ್ನ ಸೊಸೆ ಈ ಮನೇಗೇ ಬರಬೇಕಲ್ಲ, ಹುಟ್ಟಿದ ಕೂಸು ಮೊದಲ ಉಸಿರಿಗೇ ಸೀನಬೇಕಾ?"

ಮಾತು ಮುರಿಯಲಿಲ್ಲ, ಕೂಡಿಸಲೂ ಇಲ್ಲ. ಸೋಮವಾರದ ಸೇವೆಗೆ ತಾನೂ ಬರುವುದಾಗಿಯೂ, ಕತ್ತಲಯ್ಯನ ಮುಂದೆ ಮನಸ್ಸು ಒಪ್ಪಿದರೆ ಅಲ್ಲೇ ವೀಳ್ಯ ಬದಲಾಯಿಸುವುದಾಗಿಯೂ ಹೇಳಿ ಹೋದಳಂತೆ.

ಮರುದಿನ ಪಾಲವ್ವ ಹಳ್ಳಕ್ಕೆ ಹೋದಾಗ ಮಗಳು ಬೆನ್ನು ಹಾಕಿ ಕೂತಿದ್ದಳು. ತಾಯಿಯ ಸೀರೆಯನ್ನು ಕಲ್ಲಿನ ಮೇಲೆ ಹಾಕಿ ಅಂಟುವಾಳದ ನೊರೆಯಲ್ಲಿ ಉಜ್ಜುತ್ತಿದ್ದಳು. ಉಜ್ಜುವುದು, ಮೂಸುವುದು, ಮತ್ತೆ ಉಜ್ಜುವುದು. ಬೆರಳ ತುದಿಯ ಸಿಪ್ಪೆ ಎದ್ದಿತ್ತು. ಒಂದು ದಿನವೂ ತಾಯಿಗೆ ಒಂದು ಮಾತು ಅಂದವಳಲ್ಲ ಆ ಹುಡುಗಿ. ಅಂದಿದ್ದರೆ ಪಾಲವ್ವ ತಡೆದುಕೊಳ್ಳುತ್ತಿದ್ದಳೋ ಏನೋ. ಪಾಲವ್ವ ಆ ಬೆರಳುಗಳನ್ನು ನೋಡಿದಳು. ಸದ್ದು ಮಾಡದೆ ಹಿಂದಿರುಗಿದಳು.

ಆ ವರ್ಷದ ಧೂಪಕ್ಕೆ ಅವಳು ಹಸಿರು ಚಿಟಿಕೆ ಹಾಕಲಿಲ್ಲ.

ಅತ್ತೆ ಹೇಳಿಕೊಟ್ಟದ್ದು ಅವಳಿಗೆ ಮರೆತಿರಲಿಲ್ಲ, ಕೊನೆಯ ಚಿಟಿಕೆ ಬಿಟ್ಟರೆ ಅದು ಧೂಪವಲ್ಲ ಅಂತ. ಯಾಕೆ ಅಂತ ಅತ್ತೆ ಹೇಳಿರಲಿಲ್ಲ, ಇವಳೂ ಕೇಳಿರಲಿಲ್ಲ. ಒಂದೇ ಒಂದು ವರ್ಷ, ನನ್ನಪ್ಪಾ, ಒಂದೇ ಒಂದು ವರ್ಷ ಅಂತ ಗುಡ್ಡದ ಕಡೆ ಕೈ ಮುಗಿದಳು. ಹಸಿರಿನ ಬದಲು ಇನ್ನಷ್ಟು ಗಂಧ ಸುರಿದಳು, ಇನ್ನಷ್ಟು ಬೆಲ್ಲ ಸುರಿದಳು. ಕೈಗೆ ಎಣ್ಣೆ ಹಚ್ಚಿ ಹಚ್ಚಿ ತಿಕ್ಕಿದಳು. ಅಷ್ಟು ಮಾಡಿದವಳಿಗೆ ಕೂಡಿಟ್ಟ ಅಂಟಿನ ಉಂಡೆಯನ್ನು ಎಸೆಯಲು ಮಾತ್ರ ಕೈ ಬರಲಿಲ್ಲವಂತೆ. ಎಲೆಯಲ್ಲಿ ಬಿಗಿಯಾಗಿ ಸುತ್ತಿ, ಬಟ್ಟೆಯಲ್ಲಿ ಸುತ್ತಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ತಾಯಿ ಹೆತ್ತ ಕೂಸನ್ನು ಬಚ್ಚಿಟ್ಟ ಹಾಗೆ.

ಸೋಮವಾರ ಬಂತು. ಪಾಲವ್ವ ಪದ್ಧತಿಯಂತೆ ಮುಂಚಿತವಾಗಿ ಒಳಗೆ ಹೋಗಿ, ಸ್ವಾಮಿಯ ಪಕ್ಕ ಕೂತು, ಬೂದಿ ಮುಚ್ಚಿದ ಕೆಂಡದ ಕುಂಡಕ್ಕೆ ಧೂಪ ಹಾಕಿದಳು. ಹೊಗೆ ಎದ್ದಿತು. ಆಹಾ, ಏನು ಕಂಪು! ಗವಿಯ ಬಾಯಲ್ಲಿ ನಿಂತ ಪೂಜಾರಿ ಮುದ್ದಯ್ಯನಿಗೂ ತಲೆದೂಗುವ ಹಾಗಾಯಿತಂತೆ. ಇಂಥ ಧೂಪ ಹುಟ್ಟಿದಾಗಿನಿಂದ ಕಂಡಿಲ್ಲ ಅಂದನಂತೆ. ಹೊರ ಊರಿನ ಅತಿಥಿ ಅಂತ ಈರನಾಗವ್ವನನ್ನೇ ಮೊದಲು ಕಳಿಸಿದರು. ಅವಳು ಸೆರಗು ಇಳಿಸಿ, ಎದೆ ತುಂಬ ಉಸಿರೆಳೆದು, ನಗುತ್ತಾ ಕತ್ತಲೊಳಗೆ ಕಾಲಿಟ್ಟಳು.

ಪಾಲವ್ವ ಕಾದಳು. ಹೆಜ್ಜೆ ಸದ್ದು ಬರಲಿಲ್ಲ. ಇನ್ನಷ್ಟು ಕಾದಳು. ಮೊದಲು ಕಂಪಿನಲ್ಲಿ ಅವಳಿಗೂ ಹಿತವಾಗಿತ್ತು. ಆಮೇಲೆ ಆಮೇಲೆ ಏನೋ ತಪ್ಪಿದೆ ಅನ್ನಿಸಿತು. ಮುಖ ಆ ಕಡೆ ತಿರುಗಿಸಿದಳು, ಗಂಧ. ಈ ಕಡೆ ತಿರುಗಿಸಿದಳು, ಅದೇ ಗಂಧ. ಗೋಡೆಯೂ ಗಂಧ, ನೆಲವೂ ಗಂಧ, ತನ್ನ ಸೆರಗೂ ಗಂಧ. ಕಂಪು ಗವಿಯ ತುಂಬ ನೀರಿನಂತೆ ನಿಂತುಬಿಟ್ಟಿತ್ತು. ನಿಂತ ನೀರಿಗೆ ದಿಕ್ಕೆಲ್ಲಿ? ಮಗ್ಗುಲಲ್ಲೇ ಕುಂಡ ಇಟ್ಟುಕೊಂಡವಳಿಗೇ ಕುಂಡ ಎಲ್ಲಿದೆ ಅಂತ ಮೂಗು ಹೇಳಲಿಲ್ಲ.

ಆಗ ದೂರದಲ್ಲಿ ಎಲ್ಲೋ ಒಂದು ಕಲ್ಲು ಉರುಳಿ ನೀರಿಗೆ ಬಿದ್ದ ಸದ್ದು.

ಅತ್ತೆ ಹೇಳದೆ ಬಿಟ್ಟದ್ದನ್ನು ಆ ಸದ್ದು ಹೇಳಿತು. ಹಸಿರು ಚಿಟಿಕೆ ಸ್ವಾಮಿಯ ಬೆರಳು. ಬಾ, ಇತ್ತ ಬಾ ಅಂತ ತೋರುವ ಬೆರಳು. ಮಗಳ ಮೇಲಿನ ಆಸೆಗೆ ಅದನ್ನೇ ಕತ್ತರಿಸಿದ್ದೆನಲ್ಲ!

ಕೂಗಿದರೆ ಹತ್ತು ಗೋಡೆ ಕೂಗುತ್ತವೆ, ಬೆಚ್ಚಿದವಳು ಮಡುವಿಗೇ ಬೀಳುತ್ತಾಳೆ. ಪಾಲವ್ವ ಕೂಗಲಿಲ್ಲ. ಬಿಸಿ ಕುಂಡವನ್ನು ಸೆರಗಿನಲ್ಲಿ ಹಿಡಿದು, ಗೋಡೆಗೆ ಭುಜ ಒರೆಸಿಕೊಂಡು ಕವಲಿಗೆ ಬಂದಳು. ಸೊಂಟದ ಗಂಟು ಬಿಚ್ಚಿ, ಚಿಟಿಕೆಯಲ್ಲ, ಇಡೀ ವರ್ಷದ ಉಂಡೆಯನ್ನೇ ಕೆಂಡಕ್ಕೆ ಹಾಕಿದಳು. ಎಡದಾರಿಗೆ ಮುಖ ಮಾಡಿ ಊದಿದಳು. ಘಾಟು ಎದ್ದಿತು ನೋಡಿ! ಅವಳ ಕಣ್ಣಿಗೇ ಮೆಣಸು ಎರಚಿದ ಹಾಗಾಯಿತು. ಅಳುತ್ತಾ ಊದಿದಳು, ಮನಸ್ಸಿನಲ್ಲೇ ಸ್ವಾಮೀ ಸ್ವಾಮೀ ಅನ್ನುತ್ತಾ ಊದಿದಳು. ಆ ಗಂಧದ ಮಡುವನ್ನು ಸೀಳಿಕೊಂಡು ಹಸಿರು ವಾಸನೆ ದಾರದ ಹಾಗೆ ಹರಿದು ಹೋಯಿತು ಅನ್ನುತ್ತಾರೆ.

ಅತ್ತ ಈರನಾಗವ್ವನ ಒಂದು ಕಾಲು ನೀರಿನಲ್ಲಿತ್ತು. ಎತ್ತ ಹೋದರೂ ಅದೇ ಗಂಧ, ಅದಕ್ಕೇ ಹೆದರಿ ಕಂಬವಾಗಿದ್ದಳು. ಆಗ ಮೂಗಿಗೆ ಪಟ್ಟನೆ ಒಂದು ಏಟು. ಆಮೇಲೆ ಅವಳೇ ನಕ್ಕೊಂಡು ಹೇಳುತ್ತಿದ್ದಳಂತೆ, ಬೆಕ್ಕು ಬಂತು, ಅದರ ಹಿಂದೆಯೇ ನನ್ನ ಜೀವವೂ ಬಂತು ಅಂತ. ಮಂಡಿಯೂರಿ, ಅಂಗೈ ಊರಿ, ವಾಸನೆ ಎತ್ತ ಚುಚ್ಚುತ್ತದೋ ಅತ್ತ ತೆವಳಿದಳು. ತೆವಳುತ್ತಾ ತೆವಳುತ್ತಾ ಅವಳ ಕೈ ಒಂದು ಮೊಣಕಾಲಿಗೆ ತಾಗಿತು.

ಒಳಗೆ ಮಾತಿಲ್ಲ. ಈರನಾಗವ್ವ ಕತ್ತಲಲ್ಲಿ ತಡಕಿ ಪಾಲವ್ವನ ಎರಡು ಕೈ ಹುಡುಕಿದಳು, ಅಂಟು ಮೆತ್ತಿದ ಆ ಅಂಗೈಗಳನ್ನು ತನ್ನ ಮೂಗಿಗೆ ಒತ್ತಿಕೊಂಡಳು, ಬಿಡಲೇ ಇಲ್ಲ. ಹಾಗೇ ಸ್ವಾಮಿಯ ಬಳಿಗೆ ಹೋದರಂತೆ, ಹಾಗೇ ಹೊರಗೆ ಬಂದರಂತೆ. ಯಾರ ಕೈಯನ್ನೂ ಹಿಡಿಯಬಾರದು ಅನ್ನುವ ನೇಮ ಅಂದೊಂದು ದಿನ ಮುರಿಯಿತು. ಸ್ವಾಮಿ ಮುನಿಯಲಿಲ್ಲ. ಅವನು ಮುನಿಯುವ ದೇವರಲ್ಲ.

ಬಿಸಿಲಿಗೆ ಬಂದದ್ದೇ ಪಾಲವ್ವ ಎಲ್ಲರ ಎದುರು ನೆಲಕ್ಕೆ ಬಿದ್ದಳು. ಧೂಪದಲ್ಲಿ ತಾನು ಏನು ಬಿಟ್ಟೆ, ಯಾಕೆ ಬಿಟ್ಟೆ ಅಂತ ಒಂದೂ ಮುಚ್ಚಿಡದೆ ಹೇಳಿದಳು. ಸಂಬಂಧ ಹೋದರೆ ಹೋಗಲಿ, ಇನ್ನು ಈ ಕೈ ಸ್ವಾಮಿಯದು ಅಂದಳು. ಕೆಂಚಿ ಜನರ ನಡುವೆ ನಿಂತಿದ್ದಳು. ಈರನಾಗವ್ವ ಹೊಗೆಗೆ ಕೆಂಪಾದ ಕಣ್ಣು ಒರೆಸಿಕೊಂಡಳು.

"ಏಳೇ ಮೇಲೆ. ನಾನು ಮೂಗು ಮುಚ್ಚಿದ್ದಕ್ಕೇ ತಾನೆ ನೀನು ಗಂಟು ಮುಚ್ಚಿದ್ದು? ಅರ್ಧ ತಪ್ಪು ನಂದು, ಇತ್ತ ಕೊಡು" ಅಂದಳು. ಆಮೇಲೆ ಮಡಿಲಿನಿಂದ ವೀಳ್ಯ ತೆಗೆದು, "ಹೆಣ್ಣು ಕೇಳ್ತಾ ಇದೀನಿ, ಕೊಡ್ತೀಯೇನೇ ನಾರೋ ಕೈಯವಳೇ?" ಅಂದಳು.

ಪಾಲವ್ವ ಮಗಳ ಕಡೆ ನೋಡಿದಳು. ಕೆಂಚಿ ಅಳುತ್ತಾ ಬಂದು, ಸಿಪ್ಪೆ ಎದ್ದ ತನ್ನ ಬೆರಳುಗಳಿಂದ ತಾಯಿಯ ಅಂಟುಗೈ ಹಿಡಿದಳು. ವೀಳ್ಯ ಬದಲಾಯಿತು.

ಆ ಹೊತ್ತು ಗವಿಯೊಳಗೆ ಹಸಿರು ಬೆಳಕು ಕಂಡಿತು ಅಂತ ಕೆಲವರು ಅನ್ನುತ್ತಾರೆ. ಊದಿದ್ದು ಪಾಲವ್ವನಲ್ಲ, ಸ್ವಾಮಿಯೇ ಅಂತ ಕೆಲವರು ಅನ್ನುತ್ತಾರೆ. ಎರಡೂ ನಿಜವಿರಬೇಕು. ಅವನು ಊದುವಾಗ ಯಾರದಾದರೂ ಬಾಯಿ ಬೇಕೇ ಬೇಕಲ್ಲ.

ಪಾಲವ್ವ ತುಂಬ ಕಾಲ ಬದುಕಿ, ಮೊಮ್ಮಕ್ಕಳ ಕೈಗೂ ಅಂಟು ಹತ್ತಿಸಿ ಹೋದಳು. ಮಣ್ಣು ಮಾಡಿದ ಜಾಗದಲ್ಲಿ ಯಾರೂ ನೆಡದೆ ಒಂದು ಚಿಟ್ಟುಬಿಕ್ಕೆ ಎದ್ದಿತಂತೆ. ಇವತ್ತಿಗೂ ಅದಕ್ಕೆ ಕತ್ತಿ ತಾಗಿಸುವುದಿಲ್ಲ. ಇವತ್ತಿಗೂ ಯುಗಾದಿ ಕಳೆದ ಸೋಮವಾರ ಅವಳ ವಂಶದ ಹೆಣ್ಣುಮಗಳೊಬ್ಬಳು ಗವಿಯ ಕವಲಿನಲ್ಲಿ ಕುಂಡ ಹಿಡಿದು ಕೂರುತ್ತಾಳೆ. ಕರೇಗುಂಡಿನಲ್ಲಿ ಯಾರ ಮನೆಯ ನಿಶ್ಚಯವಾದರೂ ವೀಳ್ಯಕ್ಕೆ ಮುಂಚೆ ಹೆಣ್ಣಿನ ತಾಯಿ ಅಂಗೈಗೆ ಹಸಿರು ಅಂಟು ಹಚ್ಚಿಕೊಂಡು ಮುಂದೆ ಚಾಚುತ್ತಾಳೆ. ಗಂಡಿನ ತಾಯಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಮೂಗಿಗೆ ಒತ್ತಿಕೊಂಡು, ಘಾಟು ಸರಿದು ತಣ್ಣನೆಯ ತೇವ ಬರುವವರೆಗೂ ಹಾಗೇ ನಿಲ್ಲಬೇಕು. ಅವಳ ಕಣ್ಣಲ್ಲಿ ನೀರು ಬಂದ ಮೇಲೆಯೇ ಓಲಗದವನು ಓಲಗ ಎತ್ತುತ್ತಾನೆ.