ಒಗ್ಗರಣೆಗೆ ಬಿದ್ದ ನಿಷೇಧ

ತಾವು ಬಾಯಿ ಬಿಟ್ಟರೆ ಸಾಮಾನ್ಯರಿಗೆ ಒಂದಕ್ಷರವೂ ತಿಳಿಯುವುದಿಲ್ಲ ಎಂಬುದೇ ಶೇಷಾಚಲ ಪಂಡಿತರ ಹೆಮ್ಮೆ. ಕಣಿವೆದುರ್ಗದ ದೊರೆ ಬಸವಂತ ನಾಯಕರು ಅವರನ್ನು ದೂರದಿಂದ ಕರೆಸಿ ಕೋಟೆಯ ಕಟ್ಟಡಗಳ ಉಸ್ತುವಾರಿ ಕೊಟ್ಟಿದ್ದರು.

ಕುದುರೆ ಲಾಯದ ಮಾಡು ಸೋರಿದರೆ ಪಂಡಿತರು ಸೋರುತ್ತಿದೆ ಎನ್ನುತ್ತಿರಲಿಲ್ಲ. 'ಊರ್ಧ್ವಾಚ್ಛಾದನದಲ್ಲಿ ಜಲಾನುಪ್ರವೇಶ ಪ್ರವೃತ್ತಿ ಗೋಚರಿಸುತ್ತಿದೆ' ಎನ್ನುತ್ತಿದ್ದರು. ಕೇಳಿದವರು ಕೈಮುಗಿದು ಹೋಗುತ್ತಿದ್ದರು. ಕುದುರೆಗಳು ನೆನೆಯುತ್ತಿದ್ದವು.

ಅರಮನೆಯ ಅಡುಗೆಯ ದ್ಯಾವಮ್ಮ ಒಂದು ದಿನ ಬಡಿಸುತ್ತಾ, "ಪಂಡಿತರದು ಬರೀ ಒಗ್ಗರಣೆ ಕಣ್ರಪ್ಪಾ. ಚಟಪಟ ಅನ್ನುತ್ತೆ, ತಟ್ಟೆಗೆ ಏನೂ ಬೀಳಲ್ಲ" ಎಂದಳು.

ಮಾತು ಕೋಟೆಯೆಲ್ಲ ಹಬ್ಬಿತು. ಯಾರು ಕಷ್ಟದ ಪದ ಎತ್ತಿದರೂ ಜನ 'ಒಗ್ಗರಣೆ ಬಿತ್ತು' ಎನ್ನತೊಡಗಿದರು. ವೈದ್ಯರದು ಇಂಗಿನ ಒಗ್ಗರಣೆಯಾಯಿತು, ಜೋಯಿಸರದು ತುಪ್ಪದ ಒಗ್ಗರಣೆ. ಪಂಡಿತರು ಎದುರಾದರೆ ಕಾವಲಿನವರು ಮೂಗರಳಿಸಿ ಘಮ್ ಅಂತಿದೆ ಎನ್ನುತ್ತಿದ್ದರು.

ಪಂಡಿತರು ದೊರೆಯ ಬಳಿ ಬಹಳ ಹೊತ್ತು ದೂರು ಹೇಳಿಕೊಂಡರು. ದೊರೆಗೆ ಅರ್ಥವಾದದ್ದು ಅವರ ಕಣ್ಣೀರು ಮಾತ್ರ. ಉಳಿದದ್ದನ್ನು ಪಕ್ಕದ ಊಳಿಗದವನು ಬಿಡಿಸಿ ಹೇಳಿದ. ನಾಯಕರಿಗೆ ಸಿಟ್ಟು ಬಂತು. ಇನ್ನು ಆ ಮಾತಾಡಿ ವಿದ್ವಾಂಸರನ್ನು ಹಂಗಿಸುವವರು ಊರು ಬಿಡಬೇಕು, ಮೊದಲು ದ್ಯಾವಮ್ಮ ಹೊರಡಲಿ ಎಂದರು.

ದ್ಯಾವಮ್ಮನಿಗೆ ಬೇರೆ ಊರೇ ಇರಲಿಲ್ಲ. ಚಿಕ್ಕಂದಿನಿಂದ ಆ ಒಲೆಯ ಮುಂದೆಯೇ ಬೆಳೆದವಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಟ್ಟೆ ಗಂಟು ಕಟ್ಟಿದಳು.

ಆಸ್ಥಾನದ ವಿನೋದಗಾರ ಗಿರಿಯಣ್ಣನಿಗೆ ಸಂಕಟವಾಯಿತು. ಆದರೂ ಅವನು ದೊರೆಯ ಅಪ್ಪಣೆಯನ್ನು ಹೊಗಳಿದ. ಡಂಗುರ ಹೊಡೆಸದೆ ಶಿಕ್ಷೆ ಕೊಟ್ಟರೆ ನಾಳೆ ಯಾರಾದರೂ ತಪ್ಪು ಹುಡುಕಿಯಾರು, ಒಕ್ಕಣೆಯನ್ನು ಪಂಡಿತರೇ ಬರೆಯಲಿ ಎಂದ. ಪಂಡಿತರು ಹಿಗ್ಗಿದರು. ಅಡುಗೆಮನೆಯ ಪದವನ್ನು ಬರೆಯಲು ಮಾತ್ರ ಅವರ ಕೈ ಒಪ್ಪಲಿಲ್ಲ.

ಮರುದಿನ ಅರಮನೆಯ ಮುಂದೆ ಊರೆಲ್ಲ ಸೇರಿತು. ದೊರೆ ಉಪ್ಪರಿಗೆಯಲ್ಲಿ ಕುಳಿತರು, ಪಂಡಿತರೂ ಗಿರಿಯಣ್ಣನೂ ಪಕ್ಕದಲ್ಲಿ ನಿಂತರು. ಡಂಗುರದವನು ತಡವರಿಸುತ್ತಾ ಓದಿದ:

"ಪಾಕಾಂತ್ಯಭಾವಿ ಸ್ಫೋಟಧ್ವನಿಯುಕ್ತ ಸ್ನಿಗ್ಧದ್ರವ್ಯವಾಚಕ ಶಬ್ದದ ಪಾಂಡಿತ್ಯಲಕ್ಷ್ಯಕ ಪ್ರಯೋಗವು ಸರ್ವಥಾ ನಿಷಿದ್ಧ."

ಯಾರಿಗೂ ತಲೆಬುಡ ತಿಳಿಯಲಿಲ್ಲ. 'ಸ್ಫೋಟ' ಎಂಬುದೊಂದು ಕಿವಿಗೆ ಬಿದ್ದು ದಳವಾಯಿ ಮದ್ದಿನ ಮನೆಗೆ ಕಾವಲು ಕಳಿಸಿದ. 'ದ್ರವ್ಯ', 'ನಿಷಿದ್ಧ' ಎಂದದ್ದು ಕೇಳಿ, ತಮ್ಮ ಸರಕಿಗೇ ತಡೆ ಬಿತ್ತೆಂದು ಗಾಣದವರು ಎಣ್ಣೆಯ ಕೊಡಗಳನ್ನು ಒಳಗೆ ಸಾಗಿಸತೊಡಗಿದರು. ಮುದುಕನೊಬ್ಬ ಯಾರು ತೀರಿಕೊಂಡರೆಂದು ವಿಚಾರಿಸಿದ.

ನಾಯಕರು ಇನ್ನೊಮ್ಮೆ ಓದಿಸಿದರು. ಈ ಸಲ ಅವರಿಗೂ ದಿಗಿಲಾಯಿತು. ತಾವೇ ಕೊಟ್ಟ ಅಪ್ಪಣೆ, ತಮಗೇ ಗುರುತು ಸಿಗುತ್ತಿಲ್ಲ.

"ಗಿರಿಯಣ್ಣ, ಅವರು ಬರೆದಿರುವುದು ಏನು? ಒಂದೇ ಮಾತಿನಲ್ಲಿ ಹೇಳು."

ಗಿರಿಯಣ್ಣ ಕೈಮುಗಿದ.

"ಹೇಳಬಹುದು ಮಹಾಸ್ವಾಮಿ. ಹೇಳಿದ ಮೇಲೆ ದ್ಯಾವಮ್ಮನ ಜೊತೆ ನಾನೂ ಊರು ಬಿಡಬೇಕಾಗುತ್ತದೆ."

ದೊರೆ ಗಿರಿಯಣ್ಣನತ್ತ ಒಮ್ಮೆ, ಪಂಡಿತರತ್ತ ಒಮ್ಮೆ ನೋಡಿದರು. ಆಮೇಲೆ ಭುಜ ಕುಣಿಯತೊಡಗಿತು. ನಕ್ಕು ನಕ್ಕು ಕೆಮ್ಮು ಬಂದು, ನೀರು ತರಿಸಬೇಕಾಯಿತು. ಅಪ್ಪಣೆಯನ್ನು ಹಿಂದಕ್ಕೆ ಪಡೆದು, ದ್ಯಾವಮ್ಮನನ್ನು ಒಲೆಯ ಬಳಿಗೆ ಕಳಿಸಿ, ತಮ್ಮ ಹೆಗಲ ಶಾಲನ್ನು ಗಿರಿಯಣ್ಣನಿಗೆ ಹೊದಿಸಿದರು.

ಪಂಡಿತರು ಮಾತ್ರ ಪೆಚ್ಚಾಗಿ ನಿಂತಿದ್ದರು. ಕೊನೆಗೆ ಗಿರಿಯಣ್ಣನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಹಾಗಾದರೆ ನಾನು ಹೇಗೆ ಬರೆಯಬೇಕಿತ್ತು?" ಎಂದು ಕೇಳಿದರು.

ಅವರು ಆ ಊರಿಗೆ ಬಂದ ಮೇಲೆ ಆಡಿದ, ಯಾರಿಗೇ ಆದರೂ ಅರ್ಥವಾಗುವಂಥ ಮೊದಲ ಮಾತು ಅದು.