ಮೂಲೆಗೆ ಎರಡು ಗೀಟು

ಬ್ಯಾಂಕಿನ ವಿಷಯ ನನ್ನನ್ನು ಕೇಳಿ ಮಕ್ಕಳೇ! ನಾನು ಒಳಗೆ ಕಾಲಿಟ್ಟರೆ ಫ್ಯಾನು ತಾನಾಗೇ ಜೋರಾಗುತ್ತದೆ, ತಿಜೋರಿ "ಬಂದ್ರಾ ಮಾವ" ಅಂತ ಅರ್ಧ ಬಾಗಿಲು ತೆರೆಯುತ್ತದೆ. ಅಂಥ ನನಗೇ ಬೆವರಿಳಿಸಿದವನೊಬ್ಬ ನಮ್ಮ ಬೀದಿಯಲ್ಲಿದ್ದ. ಹೆಸರು ಜುಂಜ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು.

ಅವನ ಅವ್ವ ಪುಟ್ಟಲಕ್ಕಮ್ಮ ಹಪ್ಪಳ ಒತ್ತಿ ಬದುಕುವವಳು. ಕಣ್ಣಿಗೆ ಪೊರೆ ಬಂದು ಲೋಕವೆಲ್ಲ ಮಂಜು. ಆಪರೇಷನ್ನಿಗೆ ಅಂತ ಕೂಡಿಟ್ಟ ದುಡ್ಡು ಹಿಟ್ಟಿನ ಡಬ್ಬದಲ್ಲಿತ್ತು. ಆಗಲೇ ಬೀದಿಗೆ ಕಳ್ಳರ ಕಾಟ ಶುರುವಾಗಬೇಕೆ! ಇವತ್ತು ಆ ಮನೆ, ನಾಳೆ ಈ ಮನೆ. ಬೆಕ್ಕು ಹಾರಿದರೆ ಅವ್ವನ ಎದೆ ಡವಡವ! ಇಲಿ ಓಡಿದರೆ ಕೈ ಗಡಗಡ!

"ಈ ದುಡ್ಡು ಹೋದ್ರೆ ನನ್ನ ಕಣ್ಣು ಹೋದಂಗೇ ಕಣೋ ಜುಂಜಾ. ಬ್ಯಾಂಕಿಗೆ ಹೋಗಿ ಉಳಿತಾಯ ಖಾತೆಗೆ ಕಟ್ಟು. ದುಡ್ಡಿನ ಮೇಲೇ ಗ್ಯಾನ ಇರ್ಲಿ. ಅದು ಎಲ್ಲಿಗೋದ್ರೂ ಬಿಡಬೇಡ!"

"ಆಯ್ತು ಕಣವ್ವ!"

ಹೋದ. ಕಟ್ಟಿದ. ಕಟ್ಟಿ, ಕೌಂಟರಿನ ಮುಂದೆಯೇ ಕಣ್ಣು ಮಿಟುಕಿಸದೆ ನಿಂತ. ಅಷ್ಟರಲ್ಲಿ ಕ್ಯಾಷಿಯರು ಅದೇ ಕಂತೆ ಎತ್ತಿ, ದುಡ್ಡು ತೆಗೆಯಲು ಬಂದಿದ್ದ ಎಮ್ಮೆ ವ್ಯಾಪಾರಿಯೊಬ್ಬನಿಗೆ ಕೊಟ್ಟುಬಿಟ್ಟ. ಅವ್ವನ ಕಣ್ಣು ಹೊರಟೇಹೋಯಿತಲ್ಲ! ಜುಂಜ ಹಿಂದೆ ಬಿದ್ದ. ವ್ಯಾಪಾರಿ ತಿರುಗಿ ನೋಡಿದರೆ, ಯಾವನೋ ತನ್ನ ಜೇಬನ್ನೇ ನುಂಗುವ ಹಾಗೆ ನೋಡುತ್ತಾ ಬರುತ್ತಿದ್ದಾನೆ! ಅವನು ಬಿರಬಿರನೆ ನಡೆದ, ಇವನೂ ನಡೆದ. ಅವನು ಓಡಿದ, ಇವನೂ ಓಡಿದ. "ಕಳ್ಳ! ಕಳ್ಳ!" ಅಂತ ಅವನು. "ಅವ್ವನ ಕಣ್ಣು! ಅವ್ವನ ಕಣ್ಣು!" ಅಂತ ಇವನು. ಓಡಿ ಓಡಿ ಇಬ್ಬರೂ ಪೊಲೀಸ್ ಠಾಣೆಗೇ ನುಗ್ಗಿದರು.

ಬ್ಯಾಂಕಿನ ಮ್ಯಾನೇಜರ್ ಶಶಿಕಲಾ ಮೇಡಂ ಬಂದು ಬಿಡಿಸಬೇಕಾಯಿತು. ಅವ್ವ ಗೋಡೆ ತಡವುತ್ತಾ ಬಂದಳು.

"ನೀ ಹೇಳ್ದಂಗೇ ಮಾಡ್ದೆ ಕಣವ್ವ!"

"ಅಯ್ಯೋ ಪೆದ್ದೇ!" ಎಂದರು ಮೇಡಂ. "ಒಬ್ಬರು ಕಟ್ಟಿದ ನೋಟನ್ನ ಬ್ಯಾಂಕು ಇನ್ನೊಬ್ಬರಿಗೆ ಕೊಡುತ್ತಪ್ಪಾ. ನೋಟು ಯಾರ ಕೈಗಾದ್ರೂ ಹೋಗ್ಲಿ, ನಿಮ್ಮ ಲೆಕ್ಕ ನಮ್ಮ ಹತ್ರ ಇರುತ್ತೆ. ಮುಟ್ಟದೆ ಬಿಟ್ರೆ ಬಡ್ಡಿ ಸೇರಿ ಬೆಳೆಯುತ್ತೆ. ಇನ್ಮೇಲೆ ಯಾರು ತಗೊಂಡು ಹೋದ್ರೂ ಸುಮ್ಮನಿರಬೇಕು, ತಿಳೀತಾ?"

"ತಿಳೀತು ಮೇಡಂ!"

ಮಾರನೆಯ ದಿನ ಅವ್ವ ಹಪ್ಪಳ ಒಣಹಾಕಿ ಅವನನ್ನು ಕಾವಲಿಗೆ ಕೂರಿಸಿದಳು. ಯಾವನೋ ಅಪರಿಚಿತ ಬಂದ, ಚೀಲ ಬಿಚ್ಚಿದ, ಹಪ್ಪಳ ತುಂಬತೊಡಗಿದ. ಜುಂಜ ಸುಮ್ಮನೆ ಕೂತ. ಸುಮ್ಮನೆ ಕೂತಿದ್ದರೆ ಸಾಕಿತ್ತು! "ಅಣ್ಣಾ, ಅಲ್ಲೊಂದು ಬಿಟ್ಟೆಯಲ್ಲ" ಅಂತ ತೋರಿಸಿದ. ಚೀಲವನ್ನು ಅವನ ತಲೆಗೆ ತಾನೇ ಎತ್ತಿಕೊಟ್ಟ.

ಅವ್ವ ಬಂದು ಚಾಪೆ ತಡವಿದಳು. ಬರೀ ಚಾಪೆ!

"ಹಪ್ಪಳ ಎಲ್ಲೋ?"

"ಯಾರೋ ತಗೊಂಡೋದ್ರು. ಹೆದರ್ಕಬೇಡ ಕಣವ್ವ, ಲೆಕ್ಕ ಐತೆ. ಬಡ್ಡಿ ಸೇರಿ ಬೆಳೀತದೆ!"

ಅವ್ವ ಲಟ್ಟಣಿಗೆ ಬೀಸಿ ಎಸೆದಳು. ಕಣ್ಣು ಮಂಜಲ್ಲವೆ, ಅದು ನೀರಿನ ಗಡಿಗೆಗೆ ಬಿತ್ತು.

ಅಳುತ್ತಾ, ಜುಂಜನನ್ನೂ ಎಳೆದುಕೊಂಡು ಬ್ಯಾಂಕಿಗೆ ಓಡಿದಳು. ಮೇಡಂ ಸಮಾಧಾನ ಮಾಡಿದರು. "ಕಣ್ಣಿನ ದುಡ್ಡು ಉಳಿತಾಯ ಖಾತೇಲಿ ಮಲಗಿರಲಿ, ಪುಟ್ಟಲಕ್ಕಮ್ಮ. ಹಪ್ಪಳದ ವ್ಯಾಪಾರಕ್ಕೆ ಬೇರೆ ಚಾಲ್ತಿ ಖಾತೆ ಮಾಡಿ. ಅದಕ್ಕೆ ಬಡ್ಡಿ ಇಲ್ಲ. ಆದ್ರೆ ದಿನಾ ಹಾಕಬಹುದು, ದಿನಾ ತೆಗೀಬಹುದು, ಉದ್ದಿನಬೇಳೆ ಅಂಗಡಿಗೆ ಚೆಕ್ ಬರೆದು ಕೊಡಬಹುದು."

"ಆ ಚೆಕ್ಕನ್ನೇ ಕಳ್ಳ ಕದ್ರೆ ತಾಯಿ?" ಅಂದಳು ಅವ್ವ.

"ಎಡಗಡೆ ಮೂಲೆಗೆ ಎರಡು ಗೀಟು ಎಳೀರಿ. ಆಮೇಲೆ ಅದಕ್ಕೆ ಕೈಗೆ ನಗದು ಕೊಡೋದಿಲ್ಲ, ಖಾತೆಗೇ ಹಾಕಬೇಕು. ಕದ್ದವನಿಗೆ ಸುಲಭಕ್ಕೆ ದಕ್ಕೋದಿಲ್ಲ."

ಜುಂಜನ ಕಿವಿ ನೆಟ್ಟಗಾಯಿತು. ಅವತ್ತಿನಿಂದ ಜೇಬಿನಲ್ಲೊಂದು ಇದ್ದಿಲ ಚೂರು!

ಸಂತೆಯ ದಿನ ಅವ್ವ ಹೊರಟಳು. "ಬಾಗಿಲು ಭದ್ರ ಕಣೋ! ಕಳ್ಳ ಬಂದಾನು!"

"ಆಯ್ತು ಕಣವ್ವ!"

ಬಾಗಿಲಿನ ಎಡಗಡೆ ಮೂಲೆಗೆ ಇದ್ದಿಲಲ್ಲಿ ಎರಡು ಗೀಟು ಎಳೆದ. ಬಾಗಿಲು ಹಾರುಹೊಡೆದು ಮಲಗಿದ. ಅವ್ವ ಬಂದಾಗ ಹಿತ್ತಾಳೆ ಪಾತ್ರೆ ಇಲ್ಲ. ಹಿಟ್ಟಿನ ಡಬ್ಬ ಬೋರಲು ಬಿದ್ದಿದೆ.

"ಅಯ್ಯಯ್ಯೋ, ನನ್ನ ಕಣ್ಣು ಹೋಯ್ತು!" ಅಂತ ಕುಸಿದು ಕೂತಳು. ಕೂತ ಮೇಲೆ ನೆನಪಾಯಿತು, ದುಡ್ಡು ಡಬ್ಬದಲ್ಲಿಲ್ಲ, ಬ್ಯಾಂಕಿನಲ್ಲಿದೆ. ಹೋದ ಜೀವ ಬಂತು. ಬಂದ ಜೀವಕ್ಕೆ ಸಿಟ್ಟು ಬಂತು.

"ಬಾಗಿಲಿಗೆ ಯಾಕೋ ಗೀಟು, ಮುಟ್ಠಾಳ! ನನ್ನ ಕಣ್ಣಿನ ಬಾಬತ್ತು ಮಾತ್ರ ಜೋಪಾನ ಮಾಡೋ!"

ಸೌಟು ಎಸೆದಳು. ಅದು ಗದ್ದಲ ಕೇಳಿ ಬಂದ ನನ್ನ ಮಂಡಿಗೆ ಬಿತ್ತು. ಅಂಥ ಏಟು ತಿಂದೂ ನಿಂತೇ ಇದ್ದವನು ಇಡೀ ತಾಲ್ಲೂಕಿಗೆ ನಾನೊಬ್ಬನೇ.

ಕೊನೆಗೆ ಉಳಿತಾಯದ ದುಡ್ಡು ಬಡ್ಡಿ ಸಮೇತ ಬಂತು. ಆಪರೇಷನ್ ಆಯಿತು. ಡಾಕ್ಟರು ಹೊಸ ಕನ್ನಡಕವನ್ನು ಜುಂಜನ ಕೈಗೆ ಕೊಟ್ಟು, "ಪಟ್ಟಿ ಬಿಚ್ಚೋವರೆಗೂ ಜೋಪಾನ, ಕಳೆದೀಯ!" ಎಂದರು.

ಪಟ್ಟಿ ಬಿಚ್ಚುವ ದಿನ. ನಾವೆಲ್ಲ ಮಂಚದ ಸುತ್ತ ನಿಂತಿದ್ದೆವು. ಪಟ್ಟಿ ಬಿಚ್ಚಿದರು. ಮುಚ್ಚಿದ ಕಣ್ಣಿನ ಮೇಲೆ ಜುಂಜನೇ ಕನ್ನಡಕ ಏರಿಸಿದ.

"ನಿಧಾನಕ್ಕೆ ಕಣ್ಣು ಬಿಡಿ ಅಮ್ಮಾ. ಏನು ಕಾಣುತ್ತೆ?"

"ಡಾಕ್ಟ್ರೇ!" ಅವ್ವ ಚೀರಿದಳು. "ಎರಡು ಕರೀ ಗೀಟು ಕಾಣ್ತವೆ!"

ಈಗ ಡಾಕ್ಟರ ಎದೆ ಡವಡವ! ನರ್ಸಮ್ಮನ ಕೈ ಗಡಗಡ! ಕೂಡಿಟ್ಟ ದುಡ್ಡೂ ಹೋಯಿತು, ಕಣ್ಣೂ ಹೋಯಿತು ಅಂತ ಅವ್ವ ಹಣೆ ಚಚ್ಚಿಕೊಂಡಳು.

"ಹೆದರ್ಕಬೇಡ ಕಣವ್ವ!" ಜುಂಜ ಎದೆಯುಬ್ಬಿಸಿ ನಿಂತ. "ಕನ್ನಡಕದ ಮೂಲೆಗೆ ನಾನೇ ಎಳೆದಿದ್ದು! ಕದ್ದವನಿಗೆ ಕಾಣಾಕಿಲ್ಲ, ನಿನ್ನ ಕಣ್ಣಿಗೇ ಸೇರ್ತದೆ!"

ಅವ್ವ ಕನ್ನಡಕ ಕಿತ್ತಳು. ನೋಡಿದಳು. ಬಗ್ಗಿ ಚಪ್ಪಲಿ ತೆಗೆದು ಬೀಸಿದಳು. ಗಡಿಗೆಗೆ ಬೀಳಲಿಲ್ಲ, ನನ್ನ ಮಂಡಿಗೂ ಬೀಳಲಿಲ್ಲ. ನೇರ ಹೋಗಿ ಜುಂಜನ ಬೆನ್ನಿಗೇ ಬಿತ್ತು, ಫಟ್ಟಂತ!

"ಕಣ್ಣು ಬಂತು! ನಮ್ಮವ್ವಂಗೆ ಕಣ್ಣು ಬಂತು!" ಅಂತ ಕುಣಿದಾಡಿದ ಜುಂಜ. ಆಮೇಲೆ ಚಪ್ಪಲಿ ಎತ್ತಿಕೊಂಡ, ಜೇಬಿಗೆ ಕೈ ಹಾಕಿ ಇದ್ದಿಲು ತೆಗೆದ, ಅದರ ಮೂಲೆಗೂ ಎಳೆದ ನೋಡಿ, ಎರಡು ಗೀಟು!